ಹೊಸ ಕಾರ್ಮಿಕ ಸಂಹಿತೆ: ಸ್ಯಾಲರಿ ಸ್ಲಿಪ್‌ನಿಂದಲೇ ಶುರು ಮಾಡಿ

ಇಪ್ಪತ್ತು ಮೂವತ್ತು ಜನರನ್ನಿಟ್ಟುಕೊಂಡು ಸಣ್ಣ ಫ್ಯಾಕ್ಟರಿ ನಡೆಸುವವರು ಈಗ ಕೇಳುವುದು ಒಂದೇ ಮಾತು: ‘ಹೊಸ ಕಾನೂನು ಬಂತಲ್ಲ, ನಾವೇನು ಮಾಡ್ಬೇಕು?’ 29 ಹಳೆಯ ಕಾಯ್ದೆಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಬಂದಿವೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ನಾಲ್ಕನ್ನೂ ಓದಿ ಮುಗಿಸಿ ಆಮೇಲೆ ಕೆಲಸಕ್ಕೆ ಇಳಿಯೋಣ ಅಂದರೆ ಆಗುವುದಿಲ್ಲ. ಕಳೆದ ತಿಂಗಳ ಸ್ಯಾಲರಿ ಸ್ಲಿಪ್ ಒಂದನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ.

ಮೊದಲು ಬೇಸಿಕ್, ಅಂದರೆ ಮೂಲ ವೇತನ, ಎಷ್ಟಿದೆ ನೋಡಿ. ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಪ್ರಯಾಣ ಭತ್ಯೆಯಂಥವು ‘ವೇತನ’ದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹೀಗೆ ಹೊರಗಿಟ್ಟ ಮೊತ್ತ ಒಟ್ಟು ಸಂಬಳದ ಅರ್ಧ ದಾಟಿದರೆ, ದಾಟಿದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಬೇಕು. ಒಬ್ಬ ಸೂಪರ್‌ವೈಸರ್‌ಗೆ 40,000 ಸಂಬಳ ಅಂದುಕೊಳ್ಳಿ. ಬೇಸಿಕ್ 15,000, ಎಚ್‌ಆರ್‌ಎ 15,000, ಪ್ರಯಾಣ ಭತ್ಯೆ 10,000. ಹೊರಗಿಟ್ಟದ್ದು 25,000 ಆಯಿತು, ಮಿತಿ 20,000. ಹೆಚ್ಚಾದ 5,000 ಬೇಸಿಕ್‌ಗೆ ಸೇರಿ ಅವರ ವೇತನ 20,000 ಆಗುತ್ತದೆ.

ಇದರಿಂದ ಏನು ಬದಲಾಗುತ್ತದೆ? ಪಿಎಫ್ ಅನ್ನು 15,000 ರೂಪಾಯಿ ವೇತನದ ಮಿತಿಯಲ್ಲೇ ಕಟ್ಟುತ್ತಿದ್ದರೆ, ಪಿಎಫ್ ಕಾರಣಕ್ಕೆ ಕೈಗೆ ಬರುವ ಸಂಬಳ ಕಡಿಮೆ ಆಗುವುದಿಲ್ಲ. ಇದನ್ನು ಕಾರ್ಮಿಕರಿಗೆ ಕೂರಿಸಿಕೊಂಡು ಹೇಳಿ, ಸುಮ್ನೆ ಹೆದರಿರುತ್ತಾರೆ. ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೊಡುವ ಗ್ರ್ಯಾಚುಟಿ ಮಾತ್ರ ಜಾಸ್ತಿ ಆಗುತ್ತದೆ. ಈ ಸೂಪರ್‌ವೈಸರ್ ಹತ್ತು ವರ್ಷ ದುಡಿದಿದ್ದರೆ ಅವರಿಗೆ ಮೊದಲು ಸುಮಾರು 86,500 ರೂಪಾಯಿ ಬರುತ್ತಿತ್ತು, ಈಗ ಸುಮಾರು 1,15,400. ಮಾಲೀಕರು ಈ ಹಣವನ್ನು ಈಗಿನಿಂದಲೇ ತೆಗೆದಿಡಬೇಕು. ಒಂದು ಎಚ್ಚರಿಕೆ: ‘ಸ್ಪೆಷಲ್ ಅಲೋಯನ್ಸ್’ ಅಂತ ಹೆಸರು ಬದಲಿಸಿದರೆ ಅದು ವೇತನದಿಂದ ಹೊರಗೆ ಹೋಗುವುದಿಲ್ಲ.

ಆಮೇಲೆ ನೇಮಕಾತಿ ಪತ್ರ. ಹನ್ನೆರಡು ವರ್ಷ ಒಂದೇ ಗಾರ್ಮೆಂಟ್ಸ್‌ನಲ್ಲಿ ಹೊಲಿದ ಹೆಂಗಸೊಬ್ಬರನ್ನು ನಾನು ಬಲ್ಲೆ. ಮಗಳ ಓದಿಗೆ ಸಾಲ ಕೇಳಲು ಹೋದಾಗ ಕೆಲಸದ ದಾಖಲೆ ಅಂತ ಅವರ ಕೈಯಲ್ಲಿದ್ದದ್ದು ಫೋಟೊ ಮಾಸಿದ ಗೇಟ್ ಪಾಸ್ ಒಂದೇ. ಈಗ ಎಲ್ಲರಿಗೂ ಪತ್ರ ಕೊಡಲೇಬೇಕು. ಹಳಬರಿಗೆ ಸಂಹಿತೆ ಜಾರಿಯಾದ 3 ತಿಂಗಳೊಳಗೆ ಎಂದಿದೆ. ಕೊಟ್ಟಿಲ್ಲದಿದ್ದರೆ ಈ ವಾರವೇ ಕೊಡಿ. ಕನ್ನಡದಲ್ಲೇ ಬರೆದರೆ ಅವರೂ ಓದಿಕೊಳ್ಳುತ್ತಾರೆ, ಅಲ್ವಾ?

ನಿಗದಿತ ಅವಧಿಗೆ ತೆಗೆದುಕೊಂಡವರಿದ್ದರೆ ಅವರ ಪಟ್ಟಿಯನ್ನು ಬೇರೆ ಮಾಡಿ. ಅವರಿಗೆ ಗ್ರ್ಯಾಚುಟಿಗೆ 5 ವರ್ಷ ಬೇಕಿಲ್ಲ, ಒಂದು ವರ್ಷ ಸಾಕು. ಓವರ್‌ಟೈಮ್‌ಗೆ ಎರಡು ಪಟ್ಟು ಕೂಲಿ, ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ. ಇವು ಹೊಸದೇನಲ್ಲ.

ನಿಜವಾಗಿ ಕಷ್ಟವಾಗುವುದು ಕೆಲಸ ಬಿಟ್ಟವರ ಲೆಕ್ಕ. ‘ಮುಂದಿನ ತಿಂಗಳು ಬಾ’ ಅನ್ನುವ ಕಾಲ ಮುಗಿಯಿತು. ರಾಜೀನಾಮೆ ಕೊಟ್ಟರೂ ನೀವೇ ತೆಗೆದರೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಕೊಡಬೇಕು. ಹಾಜರಿ, ರಜೆ, ಅಡ್ವಾನ್ಸ್ ಲೆಕ್ಕವನ್ನು ಆಯಾ ದಿನವೇ ಬರೆದಿಟ್ಟವರಿಗೆ ಮಾತ್ರ ಇದು ಆಗುತ್ತದೆ. ಚೀಟಿಗಳಲ್ಲಿ ಬರೆದಿಟ್ಟಿದ್ದರೆ ಈ ತಿಂಗಳೇ ಒಂದು ಪುಸ್ತಕಕ್ಕೆ ಏರಿಸಿ.

ಕೊಡಬೇಕಾದದ್ದಕ್ಕಿಂತ ಕಡಿಮೆ ಕೊಟ್ಟರೆ 50,000 ರೂಪಾಯಿವರೆಗೆ ದಂಡ ಬೀಳಬಹುದು. ದಾಖಲೆಯಲ್ಲಿ ಲೋಪ ಕಂಡರೆ ಇನ್ಸ್‌ಪೆಕ್ಟರ್ ಮೊದಲು ಲಿಖಿತವಾಗಿ ತಿಳಿಸಿ, ಸರಿಪಡಿಸಲು ಸಮಯ ಕೊಡಬೇಕು. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಆದರೆ ಆ ಅವಕಾಶ ಇಲ್ಲ. ಅಂಥ ಪತ್ರ ಬಂದರೆ ಕೂಡಲೇ ತಿದ್ದಿ, ತಿದ್ದಿದ್ದರ ಪ್ರತಿಯನ್ನು ಅದೇ ಫೈಲಿನಲ್ಲಿ ಇಟ್ಟುಕೊಳ್ಳಿ.