ವಾರ್‌ಬ್ಯಾಂಡ್‌ನಲ್ಲಿ ಅರವತ್ತು ಜನರ ಪಡೆ: ನಾನು ನಡೆಸುವ ಬಗೆ

ಮೌಂಟ್ ಅಂಡ್ ಬ್ಲೇಡ್: ವಾರ್‌ಬ್ಯಾಂಡ್ ಎಂಬ ಕಂಪ್ಯೂಟರ್ ಗೇಮ್ ಆಡುವವರು ಸೋಲುವುದು ಹೆಚ್ಚಾಗಿ ಕತ್ತಿವರಸೆ ಬರದೆ ಅಲ್ಲ. ಕಾಳಗ ಶುರುವಾದ ಮೂರನೇ ಸೆಕೆಂಡಿಗೆ ಎಫ್1, ಎಫ್3 ಒತ್ತಿ ಎಲ್ಲರನ್ನೂ ‘ನುಗ್ಗಿ’ ಎಂದು ಬಿಟ್ಟು, ತಾವೇ ಎಲ್ಲರಿಗಿಂತ ಮುಂದೆ ಕುದುರೆ ಓಡಿಸುವುದರಿಂದ. ಈ ಗೇಮ್‌ನಲ್ಲಿ ನೀವು ಸೈನಿಕನೂ ಹೌದು, ದಂಡನಾಯಕನೂ ಹೌದು. ಮೊದಲ ಒಂದು ನಿಮಿಷ ದಂಡನಾಯಕನ ಕೆಲಸ ಮಾಡಿದವರಿಗೆ ಆಮೇಲೆ ಸೈನಿಕನಾಗಿ ಕುಣಿಯಲು ಬೇಕಾದಷ್ಟು ಹೊತ್ತು ಸಿಗುತ್ತದೆ. ನಾನು ಮಾಡುವುದೆಲ್ಲ ಈ ಒಂದು ನಿಮಿಷದ ಸುತ್ತ.

ಗೊತ್ತಿಲ್ಲದವರಿಗೆ ಎರಡು ಮಾತು. ಟರ್ಕಿಯ ಅಂಕಾರಾದ ಟೇಲ್‌ವರ್ಲ್ಡ್ಸ್ ಕಂಪನಿ 2010ರಲ್ಲಿ ಬಿಟ್ಟ ಗೇಮ್ ಇದು. ಇದರ ಮುಂದಿನದಾದ ಬ್ಯಾನರ್‌ಲಾರ್ಡ್ ಪೂರ್ತಿಯಾಗಿ ಬಂದದ್ದು 2022ರಲ್ಲಿ. ಕಥೆ ನಡೆಯುವ ಕ್ಯಾಲ್ರಾಡಿಯಾ ಕಲ್ಪನೆಯ ನಾಡು. ಆರು ರಾಜ್ಯಗಳಿವೆ, ಮಂತ್ರ ಮಾಯೆ ಇಲ್ಲ. ಮಾಯಾಲೋಕವೇ ಬೇಕು ಅನ್ನುವವರು ಪ್ರಾಫೆಸಿ ಆಫ್ ಪೆಂಡೋರ್ ಎಂಬ ಮಾಡ್, ಅಂದರೆ ಮೂಲ ಗೇಮ್ ಬದಲಿಸುವ ಮಾರ್ಪಾಡು, ಹಾಕಿಕೊಳ್ಳಬಹುದು. ಆದರೆ ಅಲ್ಲಿನ ನೋಲ್ಡೋರ್ ಎಂಬ ಜನಾಂಗದ ಬಿಲ್ಲುಗಾರರು ಹೊಸಬರನ್ನು ಹುರಿದು ಮುಕ್ಕುತ್ತಾರೆ. ಮೊದಲು ಮೂಲ ಗೇಮ್‌ನಲ್ಲಿ ಕೈ ಪಳಗಲಿ.

ಪಡೆ ಕಟ್ಟುವ ಲೆಕ್ಕ ಹೀಗೆ. ಎಲ್ಲರಿಗೂ ಸಿಗುವುದು 30 ಜನ. ಲೀಡರ್‌ಶಿಪ್ ಸ್ಕಿಲ್‌ನ ಪ್ರತಿ ಪಾಯಿಂಟ್‌ಗೆ 5, ಕರಿಸ್ಮಾ ಎಂಬ ಮೂಲಗುಣದ ಪ್ರತಿ ಪಾಯಿಂಟ್‌ಗೆ 1, ಹೆಸರು ಅಂದರೆ ರಿನೌನ್ ಪ್ರತಿ 25ಕ್ಕೆ 1 ಸೇರುತ್ತದೆ. ಯಾವ ಸ್ಕಿಲ್ ಆದರೂ ಅದರ ಮೂಲಗುಣದ ಮೂರನೇ ಒಂದು ಭಾಗವನ್ನು ಮೀರುವಂತಿಲ್ಲ. ಹಾಗಾಗಿ ಕರಿಸ್ಮಾ 9 ಮಾಡಿದರೆ ಲೀಡರ್‌ಶಿಪ್ 3ರವರೆಗೆ ಹೋಗುತ್ತದೆ: 30, 15, 9, ಜೊತೆಗೆ ರಿನೌನ್ 150 ಇದ್ದರೆ 6. ಒಟ್ಟು 60. ನನ್ನ ಮೊದಲ ಗುರಿ ಯಾವಾಗಲೂ ಈ ಅರವತ್ತೇ. ಲೀಡರ್‌ಶಿಪ್ ಏರಿದಂತೆ ವಾರದ ಸಂಬಳದ ಹೊರೆ ಪ್ರತಿ ಪಾಯಿಂಟ್‌ಗೆ ಶೇ. 5ರಷ್ಟು ಇಳಿಯುವುದು ಮೇಲಿನ ಲಾಭ.

ಅರವತ್ತರಲ್ಲಿ 25 ಗುರಾಣಿಯ ಕಾಲಾಳು, 20 ಬಿಲ್ಲು ಅಥವಾ ಕ್ರಾಸ್‌ಬೋ, 10 ಕುದುರೆ, ಉಳಿದದ್ದು ಜೊತೆಗಾರರು, ಅಂದರೆ ಸ್ವಂತ ಹೆಸರು, ಸ್ಕಿಲ್ ಇರುವ ಪಾತ್ರಗಳು. ಮುಂದೆ ಬರುವ ನಾರ್ಡ್, ಸ್ವಾಡಿಯಾ, ರೋಡೋಕ್, ವೇಗಿರ್ ಎಲ್ಲ ಆ ಆರು ರಾಜ್ಯಗಳಲ್ಲಿ ಸೇರಿದವು. ಕಾಲಾಳಿಗೆ ನಾರ್ಡ್‌ಗಳು, ಕೊನೆಗೆ ಹಸ್ಕಾರ್ಲ್ ಆಗುವವರು. ಕುದುರೆಗೆ ಸ್ವಾಡಿಯಾದವರು: ಮ್ಯಾನ್ ಅಟ್ ಆರ್ಮ್ಸ್, ಆಮೇಲೆ ನೈಟ್. ದೂರದ ಹೊಡೆತಕ್ಕೆ ನಾನು ರೋಡೋಕ್ ಕ್ರಾಸ್‌ಬೋದವರನ್ನೇ ಆರಿಸುವುದು. ವೇಗಿರ್ ಬಿಲ್ಲುಗಾರರು ಬೇಗ ಬೇಗ ಬಾಣ ಬಿಡುತ್ತಾರೆ, ನಿಜ. ಆದರೆ ರೋಡೋಕರ ಬೆನ್ನಿಗೆ ಬಾಗಿಲಿನಂಥ ದೊಡ್ಡ ಗುರಾಣಿ ಇರುತ್ತದೆ, ಬೆನ್ನಿಗಿರುವ ಗುರಾಣಿಯೂ ಬಾಣ ತಡೆಯುತ್ತದೆ. ಮೈಮೇಲೆ ಬಿದ್ದವನೊಡನೆ ಕೈಕೈ ಮಿಲಾಯಿಸಲೂ ಅವರು ಸೈ.

ಹೊಸ ರೆಕ್ರೂಟ್‌ಗಳನ್ನು ನೇರವಾಗಿ ಕಡಲ ದರೋಡೆಕೋರರಾದ ಸೀ ರೈಡರ್‌ಗಳ ಮೇಲೆ ಬಿಡಬೇಡಿ. ಅವರು ಎಸೆಯುವ ಕೊಡಲಿಗಳಿಗೆ ಗುರಾಣಿ ಇಲ್ಲದ ರೆಕ್ರೂಟ್ ನಿಲ್ಲುವುದಿಲ್ಲ. ಮೊದಲು ಲೂಟರ್‌ಗಳೆಂಬ ಪುಡಿ ಕಳ್ಳರು, ಬಹುಪಾಲು ಜನರ ಕೈಗೆ ಗುರಾಣಿ ಬಂದ ಮೇಲೆ ಸೀ ರೈಡರ್. ಜೊತೆಗಾರರಲ್ಲಿ ಇಬ್ಬರು ಮೂವರಿಗೆ ಟ್ರೈನಿಂಗ್ ಸ್ಕಿಲ್ ಕೊಟ್ಟರೆ ಅಷ್ಟೂ ಜನರ ಪಾಠ ಕೂಡಿಕೊಳ್ಳುತ್ತದೆ, ದಿನಕ್ಕೊಮ್ಮೆ ಕೆಳಗಿನ ಲೆವೆಲ್‌ನ ಸೈನಿಕರಿಗೆ ಪುಕ್ಕಟೆ ಎಕ್ಸ್‌ಪಿ, ಅಂದರೆ ಅನುಭವದ ಅಂಕ.

ವೈದ್ಯನ ಬಗ್ಗೆ ಜನ ಅಸಡ್ಡೆ ಮಾಡುತ್ತಾರೆ. ಸರ್ಜರಿಯ ಪ್ರತಿ ಪಾಯಿಂಟ್ ಸಾಯಬೇಕಾದವನು ಗಾಯದಲ್ಲೇ ಉಳಿಯುವ ಸಾಧ್ಯತೆಗೆ ಶೇ. 4 ಸೇರಿಸುತ್ತದೆ. 6 ಇದ್ದರೆ ಶೇ. 24, ಅಂದರೆ ಹತ್ತು ಹಸ್ಕಾರ್ಲ್‌ಗಳು ಬಿದ್ದಾಗ ಹೆಚ್ಚುಕಡಿಮೆ ಇಬ್ಬರು ವಾಪಸು. ಒಬ್ಬ ಹಸ್ಕಾರ್ಲ್‌ನನ್ನು ಬೆಳೆಸಲು ಎಷ್ಟು ಕಾಳಗ ಬೇಕು ಎಂದು ನೆನೆದರೆ ಈ ಇಬ್ಬರ ಬೆಲೆ ತಿಳಿಯುತ್ತದೆ. ನಾನು ವೈದ್ಯನಾದ ಜೊತೆಗಾರ ಜೆರೆಮಸ್‌ನನ್ನು ಹೋಟೆಲಿನಲ್ಲಿ, ಗೇಮ್ ಅದನ್ನು ಟ್ಯಾವರ್ನ್ ಅನ್ನುತ್ತದೆ, ಕಂಡ ಕೂಡಲೇ ಸೇರಿಸಿಕೊಳ್ಳುತ್ತೇನೆ. ಸರ್ಜರಿಯಂಥ ಪಾರ್ಟಿ ಸ್ಕಿಲ್‌ಗಳಲ್ಲಿ, ಅಂದರೆ ಇಡೀ ಪಡೆಗೆ ಅನ್ವಯಿಸುವವುಗಳಲ್ಲಿ, ಪಡೆಯಲ್ಲಿ ಯಾರದು ಹೆಚ್ಚೋ ಅದೇ ಲೆಕ್ಕಕ್ಕೆ ಬರುವುದು. ಅದರ ಮೇಲೆ ನಾಯಕನಿಗೇ ಆ ಸ್ಕಿಲ್ 2 ಇದ್ದರೆ 1 ಬೋನಸ್, 5 ಇದ್ದರೆ 2. ಆದರೆ ಜೆರೆಮಸ್ ಕಾಳಗದಲ್ಲಿ ಉರುಳಿಬಿದ್ದರೆ ಅವನ ಸ್ಕಿಲ್ ಲೆಕ್ಕಕ್ಕಿಲ್ಲ. ಅದಕ್ಕೇ ಪಾರ್ಟಿ ಪಟ್ಟಿಯಲ್ಲಿ ಅವನ ಹೆಸರು ಕಟ್ಟಕಡೆಗೆ. ಪಟ್ಟಿಯಲ್ಲಿ ಮೇಲಿರುವವರೇ ಮೊದಲು ಕಣಕ್ಕಿಳಿಯುವುದು, ಕೆಳಗಿದ್ದವರು ಆಮೇಲೆ. ದೊಡ್ಡ ಕಾಳಗಕ್ಕೆ ಮುಂಚೆ ಈ ಪಟ್ಟಿಯನ್ನು ಸರಿಪಡಿಸುವುದು ಅರ್ಧ ನಿಮಿಷದ ಕೆಲಸ.

ಈಗ ಆ ಒಂದು ನಿಮಿಷ.

ಕಣ ತೆರೆದ ಕೂಡಲೇ ಕುದುರೆ ಓಡಿಸದೆ ಸುತ್ತ ನೋಡಿ. ದಿಬ್ಬ ಎಲ್ಲಿದೆ, ನೀರು ಎಲ್ಲಿದೆ, ಶತ್ರು ಯಾವ ಕಡೆಯಿಂದ. ಬ್ಯಾಕ್‌ಸ್ಪೇಸ್ ಒತ್ತಿದರೆ ಕಣದ ನಕಾಶೆ ಬರುತ್ತದೆ. 0 ಒತ್ತಿ ಎಲ್ಲರನ್ನೂ ಆರಿಸಿ, ಎಫ್1 ಎಫ್2, ಅಂದರೆ ‘ನನ್ನ ಹಿಂದೆ ಬನ್ನಿ’. ಹತ್ತಿರದ ದಿಬ್ಬಕ್ಕೆ ನಡೆಯಿರಿ. ಅಲ್ಲಿ 2 ಒತ್ತಿ ಬಿಲ್ಲುಗಾರರನ್ನು ಆರಿಸಿ ಎಫ್1 ಒತ್ತಿ ಹಿಡಿದರೆ ನೆಲದ ಮೇಲೆ ಬಾವುಟ ಕಾಣುತ್ತದೆ, ಬೇಕಾದ ಜಾಗಕ್ಕೆ ತೋರಿಸಿ ಬಿಡಿ. ಬಾವುಟ ದಿಬ್ಬದ ನೆತ್ತಿಯ ಹಿಂದೆ ಬೀಳಬಾರದು, ಶತ್ರುವಿನ ಕಡೆಗೆ ಇಳಿಯುವ ಇಳಿಜಾರಿನ ಮೇಲೆ ಬೀಳಬೇಕು. ನೆತ್ತಿಯ ಹಿಂದೆ ನಿಂತವರಿಗೆ ಗುರಿ ಕಾಣದು, ಅರ್ಧ ಕಾಳಗ ಮುಗಿಯುವವರೆಗೆ ಬತ್ತಳಿಕೆ ತುಂಬಿಕೊಂಡೇ ನಿಂತಿರುತ್ತಾರೆ. ನಾನು ಕಂಡ ತಪ್ಪುಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಜಾಗ ಸಿಕ್ಕ ಮೇಲೆ ಎಫ್2 ಮೆನುವಿನಿಂದ ‘ಚದುರಿ ನಿಲ್ಲಿ’ ಎಂದರೆ ಸಾಲು ಅಗಲವಾಗುತ್ತದೆ, ಹೆಚ್ಚು ಜನಕ್ಕೆ ಎದುರು ಕಾಣುತ್ತದೆ.

ಬಳಿಕ 1 ಒತ್ತಿ ಕಾಲಾಳನ್ನು ಅವರ ಕೆಳಗೆ, ಇಳಿಜಾರಿನಲ್ಲೇ ನಿಲ್ಲಿಸಿ. ಎಫ್2 ಎಫ್1 ಪ್ರತಿ ಸಲ ಹತ್ತು ಹೆಜ್ಜೆ ಮುಂದಕ್ಕೆ ಕಳಿಸುತ್ತದೆ, ಎಫ್2 ಎಫ್2 ಹಿಂದಕ್ಕೆ. ನಾನು ಬಿಲ್ಲುಗಾರರಿಂದ ಇಪ್ಪತ್ತು ಹೆಜ್ಜೆ ಮುಂದೆ ಇಡುತ್ತೇನೆ. ಅದಕ್ಕಿಂತ ದೂರ ಹೋದರೆ ಶತ್ರು ಕುದುರೆಗಳು ನಡುವೆ ನುಸುಳುತ್ತವೆ. ತೀರಾ ಹತ್ತಿರವಾದರೆ ಕಾಲಾಳನ್ನು ತಳ್ಳಿಕೊಂಡು ಬಂದವರು ನೇರ ಬಿಲ್ಲುಗಾರರ ಕಾಲಬುಡಕ್ಕೆ ಬರುತ್ತಾರೆ. ಕಾಲಾಳಿಗೆ ‘ಒತ್ತಾಗಿ ನಿಲ್ಲಿ’. 3 ಒತ್ತಿ ಕುದುರೆಗಳಿಗೆ ‘ನನ್ನ ಹಿಂದೆ’. ಅವರನ್ನು ಕರೆದುಕೊಂಡು ಒಂದು ಪಕ್ಕಕ್ಕೆ, ಸಾಧ್ಯವಾದರೆ ಬಲಗಡೆಗೆ, ದಿಬ್ಬದ ಮರೆಯಲ್ಲಿ ನಿಲ್ಲುತ್ತೇನೆ. ಮರಗಳ ನಡುವೆ ಬೇಡ, ಕುದುರೆಗಳು ಕಾಂಡಕ್ಕೆ ಗುದ್ದಿ ನಿಂತುಬಿಡುತ್ತವೆ.

ಎದುರಾಳಿ ಕಾಲಾಳು ನಮ್ಮವರ ಗುರಾಣಿಗೆ ತಾಗುವವರೆಗೆ ಕುದುರೆ ಕದಲಿಸಬಾರದು. ತಾಗಿದರು, ಅವರ ಮುಖವೆಲ್ಲ ದಿಬ್ಬದ ಕಡೆ ತಿರುಗಿತು, ಆಗ ಸುತ್ತು ಹಾಕಿ ಹಿಂದಿನಿಂದ ಬಂದು ‘3, ಎಫ್1, ಎಫ್3’. ಎದುರಿನಿಂದ ಈಟಿಯವರ ಮೇಲೆ ನುಗ್ಗಿದರೆ ಒಂದೇ ತಿವಿತಕ್ಕೆ ಕುದುರೆ ಮುಂಗಾಲೆತ್ತಿ ನಿಲ್ಲುತ್ತದೆ. ನಿಂತ ಕುದುರೆಯ ಮೇಲಿನ ನೈಟ್ ಎಂದರೆ ಎತ್ತರದಲ್ಲಿ ಕೂತ ಗುರಿಹಲಗೆ, ಅಷ್ಟೇ.

ಇಲ್ಲಿಂದ ನಿಮ್ಮ ಕೈಚಳಕ. ಲ್ಯಾನ್ಸ್, ಅಂದರೆ ಸವಾರರ ಉದ್ದ ಈಟಿ, ಹಿಡಿದಿದ್ದರೆ ದಾಳಿಯ ಬಟನ್ ಒತ್ತಬೇಡಿ. ಸಾಕಷ್ಟು ವೇಗ ಬಂದಾಗ ಅದು ತಾನಾಗಿ ಕಂಕುಳಿಗೆ ಇಳಿದು ನೇರವಾಗುತ್ತದೆ. ಹೊಡೆತದ ಬಲವೆಲ್ಲ ವೇಗದ್ದು. ಎದುರಾಳಿ ನಿಮ್ಮ ಕುದುರೆಯ ತಲೆಯ ಬಲಬದಿಗೆ ಸವರಿ ಹೋಗುವಂತೆ ದಾರಿ ಹಿಡಿಯಬೇಕು. ಕೊನೇ ಗಳಿಗೆಯಲ್ಲಿ ಕಡಿದಾಗಿ ತಿರುಗಿಸಿದರೆ ವೇಗ ಕುಸಿದು ಲ್ಯಾನ್ಸ್ ಮೇಲೇಳುತ್ತದೆ. ಒಂದು ಹೊಡೆತ, ದಾಟಿ ಹೋಗುವುದು, ದೂರ ತಿರುಗುವುದು, ಮತ್ತೆ ಬರುವುದು. ಕಬಡ್ಡಿಯ ರೈಡ್ ಇದ್ದ ಹಾಗೆ: ಮುಟ್ಟಿದ ಮೇಲೆ ಅಲ್ಲೇ ನಿಂತವನು ಔಟ್.

ಕಾಲ ಮೇಲೆ ಹೊಡೆದಾಟಕ್ಕೆ ಆಪ್ಷನ್ಸ್‌ನಲ್ಲಿ ತಡೆಯುವ ದಿಕ್ಕನ್ನು ‘ಆಟೊಮ್ಯಾಟಿಕ್’ನಿಂದ ತೆಗೆದು ಮೌಸ್ ಚಲನೆಗೆ ಹಾಕಿ. ಮೊದಲ ಕೆಲವು ದಿನ ಒದೆ ತಿನ್ನುತ್ತೀರಿ, ಪರವಾಗಿಲ್ಲ. ಎಡ, ಬಲ, ಮೇಲಿಂದ, ತಿವಿತ: ಹೊಡೆತ ನಾಲ್ಕೇ ಬಗೆ. ಗುರಾಣಿ ನಾಲ್ಕನ್ನೂ ತಡೆಯುತ್ತದೆ, ಒಡೆಯುವವರೆಗೆ. ಬರಿ ಕತ್ತಿಯಲ್ಲಾದರೆ ಬರುವ ಹೊಡೆತದ ದಿಕ್ಕಿಗೇ ಮೌಸ್ ಸರಿಸಿ ಬಲಗುಂಡಿ ಒತ್ತಬೇಕು. ನೋಡಬೇಕಾದದ್ದು ಕತ್ತಿಯ ತುದಿಯನ್ನಲ್ಲ, ಎದುರಿನವನ ಭುಜವನ್ನು. ಕೈ ಹಿಂದಕ್ಕೆ ಎಳೆದ ಕೂಡಲೇ ದಿಕ್ಕು ಗೊತ್ತಾಗುತ್ತದೆ. ಆಗ ತಡೆದು, ಅವನ ಹೊಡೆತ ಠಣ್ ಎಂದ ಕ್ಷಣವೇ ನಿಮ್ಮದು ಹೊರಡಬೇಕು. ಇನ್ನೊಂದು ತಡೆಗೆ ಕಾದು ಕೂತವನು ತಡೆಯುತ್ತಲೇ ಇರುತ್ತಾನೆ. ಹೊಡೆತವನ್ನು ಎತ್ತಿ, ಬಿಡುವ ಮುಂಚೆ ಬಲಗುಂಡಿ ತಟ್ಟಿದರೆ ಅದು ರದ್ದಾಗುತ್ತದೆ. ಆ ಸುಳ್ಳು ಹೊಡೆತಕ್ಕೆ ಅವನು ಕತ್ತಿ ಒಡ್ಡಿದಾಗ ಬೇರೆ ದಿಕ್ಕಿನಿಂದ ನಿಜವಾದದ್ದು. ಇಬ್ಬರು ಬಂದರೆ ನೇರ ಹಿಂದಕ್ಕೆ ಹೋಗದೆ ಓರೆಯಾಗಿ ಸರಿಯಿರಿ, ಒಬ್ಬನ ಹಿಂದೆ ಇನ್ನೊಬ್ಬ ಸಿಕ್ಕಿಹಾಕಿಕೊಳ್ಳುತ್ತಾನೆ. ಅಭ್ಯಾಸಕ್ಕೆ ಪಟ್ಟಣದ ಅರೀನಾ ಸಾಕು.

ಒಂದು ಎಚ್ಚರಿಕೆ: ನೀವು ನೆಲಕ್ಕುರುಳಿದ ಮೇಲೆ ಆಜ್ಞೆ ಕೊಡುವವರು ಯಾರೂ ಇಲ್ಲ. ಕೈಯಲ್ಲಿ ಎಷ್ಟೇ ಜೋರು ಇದ್ದರೂ ಆರೋಗ್ಯ ಅರ್ಧಕ್ಕೆ ಇಳಿದಾಗ ಗುರಾಣಿಯವರ ಹಿಂದೆ ಬರುವುದು ನನ್ನ ನಿಯಮ.

ಬ್ಯಾಟಲ್ ಸೈಜ್ ಎಂಬ ಸೆಟ್ಟಿಂಗ್ ಬರೀ ಗ್ರಾಫಿಕ್ಸ್‌ದಲ್ಲ. ಕಣದಲ್ಲಿ ಒಟ್ಟಿಗೆ ನಿಲ್ಲುವವರ ಮಿತಿ ಅದು, ಹೆಚ್ಚೆಂದರೆ 150. ಅದಕ್ಕಿಂತ ಹೆಚ್ಚು ಜನ ಇದ್ದರೆ ಉಳಿದವರು ಅಲೆ ಅಲೆಯಾಗಿ ಬರುತ್ತಾರೆ, ಅದೂ ಮೊದಲು ನಿಂತಿದ್ದ ಜಾಗದಿಂದಲೇ. ಇದರಿಂದ ಎರಡು ಪಾಠ. ನಿಮ್ಮ ದಿಬ್ಬ ನೀವು ಹೊರಟ ಜಾಗಕ್ಕೆ ಹತ್ತಿರ ಇರಲಿ, ಇಲ್ಲದಿದ್ದರೆ ಹೊಸದಾಗಿ ಬಂದವರು ಒಬ್ಬೊಬ್ಬರಾಗಿ ಬಯಲು ದಾಟುತ್ತ ಸಾಯುತ್ತಾರೆ. ಓಡುತ್ತಿರುವ ಶತ್ರುವನ್ನು ಅವನ ಮೂಲೆಯವರೆಗೂ ಅಟ್ಟಬೇಡಿ, ಅಲ್ಲೇ ಅವನ ಮುಂದಿನ ಅಲೆ ಮೈತುಂಬ ಬಲದಲ್ಲಿ ಇಳಿಯುತ್ತದೆ. ಒಂದು ಅಲೆ ಮುರಿದ ತಕ್ಷಣ ಎಲ್ಲರಿಗೂ ‘ನನ್ನ ಹಿಂದೆ ಬನ್ನಿ’, ವಾಪಸು ದಿಬ್ಬಕ್ಕೆ. ಗೆದ್ದ ಅಮಲಿನಲ್ಲಿ ಇದನ್ನು ಮರೆತೇ ಒಳ್ಳೆಯ ಪಡೆಗಳು ಕರಗುವುದು. ಹಳೇ ಲ್ಯಾಪ್‌ಟಾಪ್‌ನಲ್ಲಿ ಆಡುವವರು ನೆರಳು ತೆಗೆದು, ಬಿದ್ದಿರುವ ಹೆಣಗಳ ಸಂಖ್ಯೆ ಇಳಿಸಿ, ಸೈಜ್ ಅನ್ನು 80ರ ಆಸುಪಾಸು ಇಟ್ಟರೆ ತಡವರಿಸದೆ ಓಡುತ್ತದೆ. ಆದರೆ ಅಲೆಗಳು ಹೆಚ್ಚುತ್ತವೆ ಎಂಬುದು ನೆನಪಿರಲಿ.

ಖೇರ್ಗಿಟ್ ರಾಜ್ಯದವರಿಗೆ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಅವರು ತಾಗುವುದೇ ಇಲ್ಲ, ಕುದುರೆ ಮೇಲೆ ಸುತ್ತು ಹಾಕುತ್ತ ಬಾಣ ಬಿಡುತ್ತಾರೆ. ಕಾಲಾಳನ್ನು ಅವರ ಹಿಂದೆ ಓಡಿಸುವುದು ಗಾಳಿಯನ್ನು ಗುದ್ದಿದಂತೆ. ಕಡಿದಾದ ಇಳಿಜಾರು ಹುಡುಕಿ, ಬೆನ್ನಿಗೆ ಬಂಡೆಯೋ ಕಣದ ಅಂಚೋ ಇರುವಂತೆ ಎಲ್ಲರನ್ನೂ ಒಂದೆಡೆ ನಿಲ್ಲಿಸಿ ಕ್ರಾಸ್‌ಬೋಗಳಿಗೆ ಕೆಲಸ ಬಿಡಿ. ಏರು ಹತ್ತುವ ಕುದುರೆಗೆ ವೇಗ ಇರುವುದಿಲ್ಲ, ನೀರಿಗಿಳಿದ ಕುದುರೆಗಂತೂ ಇಲ್ಲವೇ ಇಲ್ಲ. ನಮ್ಮ ಕುದುರೆಯವರನ್ನು ಕೊನೆಯವರೆಗೂ ಬಿಡುವುದಿಲ್ಲ ನಾನು.

ಕೋಟೆ ಮುತ್ತಿಗೆಯಲ್ಲಿ ದಿಬ್ಬ, ಕುದುರೆ ಎರಡೂ ಇಲ್ಲ. ಏಣಿ ಒಂದೇ ದಾರಿ, ಕೆಲವು ಕೋಟೆಗಳಿಗೆ ಚಕ್ರದ ಗೋಪುರ. ಇಂಜಿನಿಯರ್ ಸ್ಕಿಲ್ ಹೆಚ್ಚಿದ್ದಷ್ಟೂ ಕಟ್ಟುವ ಹೊತ್ತು ಕಡಿಮೆ, ಆರ್ಟಿಮೆನ್ನರ್ ಎಂಬ ಜೊತೆಗಾರ ಈ ಕೆಲಸದವನು. ಪಾರ್ಟಿ ಪಟ್ಟಿಯ ಮೇಲ್ತುದಿಗೆ ಹಸ್ಕಾರ್ಲ್‌ಗಳು, ನಂತರ ಕ್ರಾಸ್‌ಬೋಗಳು, ನೈಟ್‌ಗಳು ಕೆಳಗೆ. ಕಣಕ್ಕೆ ಇಳಿದ ಕೂಡಲೇ ಕಾಲಾಳಿಗೆ ‘ಇಲ್ಲೇ ನಿಲ್ಲಿ’, ಗೋಡೆಯಿಂದ ದೂರದಲ್ಲಿ. ಕ್ರಾಸ್‌ಬೋಗಳನ್ನು ಮಾತ್ರ ಗೋಡೆಯ ಮೇಲಿನವರು ಚೆನ್ನಾಗಿ ಕಾಣುವಷ್ಟು ಮುಂದಕ್ಕೆ ತಂದು ನಿಲ್ಲಿಸಿ. ಏಣಿಯ ತಲೆಯ ಹತ್ತಿರದ ಗುಂಪು ತೆಳುವಾದ ಗಳಿಗೆಯಲ್ಲಿ ‘1, ಎಫ್1, ಎಫ್3’. ಕ್ರಾಸ್‌ಬೋಗಳನ್ನು ಇದರಲ್ಲಿ ಸೇರಿಸಿದರೆ ಅವರೂ ಏಣಿ ಹತ್ತಿ ದಾರಿ ಕಟ್ಟುತ್ತಾರೆ, ಕೆಳಗಿನಿಂದ ಹೊಡೆಯುವವರೂ ಇಲ್ಲ, ಮೇಲೆ ಹೋಗುವವರಿಗೆ ಜಾಗವೂ ಇಲ್ಲ. ನಾನು ಏಣಿಯಲ್ಲಿ ಆರನೆಯವನೋ ಏಳನೆಯವನೋ ಆಗಿ, ಗುರಾಣಿ ಎತ್ತಿಕೊಂಡೇ ಹತ್ತುತ್ತೇನೆ. ಮೇಲೆ ಕಾಲಿಟ್ಟ ಮೇಲೆ ಎದುರಿನವನನ್ನು ಬಿಟ್ಟು ಪಕ್ಕದಿಂದ ನಮ್ಮವರನ್ನು ಹೊಡೆಯುತ್ತಿರುವವನ ಮೇಲೆ ಬೀಳುತ್ತೇನೆ. ಎದುರಿನವನಿಗೆ ಹಸ್ಕಾರ್ಲ್‌ನ ಕೊಡಲಿ ಇದೆ.