ಭೌತಶಾಸ್ತ್ರ–ಖಗೋಳಶಾಸ್ತ್ರ ವಿಭಾಗದೊಳಗೆ ದಾರಿ ಕಂಡುಕೊಳ್ಳುವುದು ಹೇಗೆ?

ವಿಶ್ವವಿದ್ಯಾಲಯದ ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಸೇರಿದವರು ಮೊದಲು ನಿಲ್ಲುವುದು ಅಧ್ಯಾಪಕರ ಭಾವಚಿತ್ರಗಳನ್ನು ಸಾಲಾಗಿ ಅಂಟಿಸಿದ ಫಲಕದ ಮುಂದೆ. ಯಾರು ಯಾವ ಹುದ್ದೆಯಲ್ಲಿದ್ದಾರೆ ಎಂಬುದನ್ನು ಅದು ತಿಳಿಸುತ್ತದೆಯೇ ಹೊರತು, ಯಾವ ಕೆಲಸ ಎಲ್ಲಿ ನಡೆಯುತ್ತದೆ, ಯಾವ ಮಾತಿಗೆ ಯಾರ ಬಾಗಿಲು ತಟ್ಟಬೇಕು ಎಂಬುದನ್ನು ತಿಳಿಸುವುದಿಲ್ಲ. ಅದಕ್ಕಾಗಿ ಕಟ್ಟಡವನ್ನೇ ಒಮ್ಮೆ ಮೇಲಿನಿಂದ ಕೆಳಗಿನವರೆಗೆ ಸುತ್ತಿ ಬರುವುದು ಒಳ್ಳೆಯದು. ಕಂಪನವನ್ನು ಸಹಿಸದ ಲೇಸರ್ ಮೇಜುಗಳೂ ಭಾರವಾದ ಅಯಸ್ಕಾಂತಗಳೂ ಸಾಮಾನ್ಯವಾಗಿ ನೆಲಮಾಳಿಗೆಯಲ್ಲಿರುತ್ತವೆ. ಸಣ್ಣ ದೂರದರ್ಶಕವಿದ್ದರೆ ಅದು ಮೇಲ್ಛಾವಣಿಯ ಗುಮ್ಮಟದಲ್ಲಿರುತ್ತದೆ. ಆ ದೂರದರ್ಶಕವನ್ನು ಹೊತ್ತ ಕಂಬವನ್ನು, ಜನ ನಡೆದಾಡುವ ಅದುರು ತಾಗದಿರಲೆಂದು, ಉಳಿದ ಕಟ್ಟಡದಿಂದ ಬಿಡಿಸಿ ಅಡಿಪಾಯದಿಂದಲೇ ಪ್ರತ್ಯೇಕವಾಗಿ ಎಬ್ಬಿಸಿರುವುದೂ ಉಂಟು. ನಡುವಿನ ಮಹಡಿಗಳಲ್ಲಿ ತರಗತಿಗಳು, ಕಚೇರಿ, ಕಪ್ಪುಹಲಗೆಯೊಂದೇ ಸಲಕರಣೆಯಾಗಿರುವ ಸಿದ್ಧಾಂತಿಗಳ ಕೋಣೆಗಳು ಇರುತ್ತವೆ.

ಈ ಎರಡು ಶಾಸ್ತ್ರಗಳು ಒಂದೇ ಸೂರಿನಡಿ ಏಕಿವೆ ಎಂಬ ಪ್ರಶ್ನೆಗೆ ಹೀಲಿಯಂ ಒಳ್ಳೆಯ ಉತ್ತರ. ಗ್ರಹಗಳ ಸ್ಥಾನವನ್ನು ಲೆಕ್ಕ ಹಾಕುವ ವಿದ್ಯೆಯಾಗಿ ಖಗೋಳಶಾಸ್ತ್ರವು ಬಹುಕಾಲ ಗಣಿತದ ಪಕ್ಕದಲ್ಲಿತ್ತು. 1859ರ ಸುಮಾರಿಗೆ ಜರ್ಮನ್ ವಿಜ್ಞಾನಿಗಳಾದ ಕಿರ್ಖಾಫ್ ಮತ್ತು ಬುನ್ಸೆನ್ ಬೆಳಕಿನ ರೋಹಿತದಿಂದ, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕಿನ ಪಟ್ಟಿಯಿಂದ, ಧಾತುಗಳನ್ನು ಗುರುತಿಸುವ ಬಗೆಯನ್ನು ತೋರಿಸಿದ ಮೇಲೆ ನಕ್ಷತ್ರಗಳೂ ಪ್ರಯೋಗಾಲಯದ ವಸ್ತುಗಳಾದವು. 1868ರಲ್ಲಿ ಸೂರ್ಯನ ರೋಹಿತದಲ್ಲಿ ಕಂಡ ಹಳದಿ ಗೆರೆಯ ಒಡೆಯನನ್ನು ರಸಾಯನಶಾಸ್ತ್ರಜ್ಞ ವಿಲಿಯಂ ರಾಮ್ಸೆ ಭೂಮಿಯ ಖನಿಜವೊಂದರಲ್ಲಿ ಪತ್ತೆ ಮಾಡಿದ್ದು 1895ರಲ್ಲಿ. ಅದೇ ಹೀಲಿಯಂ ಇಂದು ದ್ರವರೂಪದಲ್ಲಿ, 4.2 ಕೆಲ್ವಿನ್ (ಸುಮಾರು −269 ಡಿಗ್ರಿ ಸೆಲ್ಸಿಯಸ್) ತಾಪಮಾನದಲ್ಲಿ, ನೆಲಮಾಳಿಗೆಯ ಅತಿವಾಹಕ (ವಿದ್ಯುತ್ತಿಗೆ ತಡೆಯೊಡ್ಡದ) ಅಯಸ್ಕಾಂತಗಳನ್ನು ತಂಪಾಗಿಡುತ್ತದೆ. ಆದರೂ ಹೆಸರಿನಲ್ಲಿ ಕೂಡಿರುವ ಎಲ್ಲ ವಿಭಾಗಗಳೂ ವ್ಯವಹಾರದಲ್ಲಿ ಕೂಡಿರುವುದಿಲ್ಲ. ಖಗೋಳಶಾಸ್ತ್ರಕ್ಕೆ ಪ್ರತ್ಯೇಕ ಪದವಿ, ಪ್ರವೇಶ ಮತ್ತು ಅರ್ಹತಾ ಪರೀಕ್ಷೆಗಳು ಇವೆಯೇ ಎಂಬುದನ್ನು ಅರ್ಜಿ ಹಾಕುವ ಮೊದಲೇ ಕೇಳಿ ತಿಳಿಯಬೇಕು.

ವಿಭಾಗದ ನಿಜವಾದ ಘಟಕವೆಂದರೆ ಸಂಶೋಧನಾ ಗುಂಪು. ಸಾಂದ್ರದ್ರವ್ಯ (ಘನ ಮತ್ತು ದ್ರವ ವಸ್ತುಗಳ ಅಧ್ಯಯನ), ಕಣ ಭೌತಶಾಸ್ತ್ರ, ಪರಮಾಣು ಮತ್ತು ದ್ಯುತಿಶಾಸ್ತ್ರ, ಜೈವಿಕ ಭೌತಶಾಸ್ತ್ರ, ಖಗೋಳ ಭೌತಶಾಸ್ತ್ರ, ವಿಶ್ವವಿಜ್ಞಾನ ಎಂಬ ಹೆಸರುಗಳು ಎಲ್ಲೆಡೆ ಹೆಚ್ಚು ಕಡಿಮೆ ಒಂದೇ ಆಗಿದ್ದರೂ ಅವುಗಳ ಒಳಗಿನ ಬದುಕು ಬೇರೆ ಬೇರೆ. ಸಾಂದ್ರದ್ರವ್ಯದ ಪ್ರಯೋಗಶೀಲರು ಅಳೆಯಬೇಕಾದ ವಸ್ತುವಿನ ಮಾದರಿಯನ್ನು ತಾವೇ ಬೆಳೆಸಿ, ತಾವೇ ತಂಪುಗೊಳಿಸಿ, ತಾವೇ ಅಳೆಯುತ್ತಾರೆ. ಒಂದು ಪ್ರಬಂಧಕ್ಕೆ ಐದಾರು ಲೇಖಕರಿರಬಹುದು. ಕಣ ಭೌತಶಾಸ್ತ್ರದವರ ಯಂತ್ರ ಬೇರೆ ದೇಶದಲ್ಲಿರಬಹುದು. ಹಿಗ್ಸ್ ಕಣದ ದ್ರವ್ಯರಾಶಿಯ ಬಗ್ಗೆ ಯುರೋಪಿನ ಸರ್ನ್ ಪ್ರಯೋಗಾಲಯದ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು 2015ರಲ್ಲಿ ಜಂಟಿಯಾಗಿ ಪ್ರಕಟಿಸಿದ ಪ್ರಬಂಧಕ್ಕೆ ಐದು ಸಾವಿರಕ್ಕೂ ಹೆಚ್ಚು ಲೇಖಕರಿದ್ದರು. ಖಗೋಳಜ್ಞರಾದರೋ ದೊಡ್ಡ ದೂರದರ್ಶಕದ ಸಮಯಕ್ಕಾಗಿ ಪ್ರಸ್ತಾವ ಬರೆದು, ಸಮಯ ಹಂಚುವ ಸಮಿತಿ ಒಪ್ಪಿದರೆ ಕೆಲವು ರಾತ್ರಿಗಳನ್ನು ಪಡೆದು, ಮೋಡ ಕವಿದರೆ ಅವನ್ನೂ ಕಳೆದುಕೊಳ್ಳುತ್ತಾರೆ. ಆದ್ದರಿಂದ ಮಾರ್ಗದರ್ಶಕರನ್ನು ಆರಿಸುವಾಗ ವಿಷಯ ಎಷ್ಟು ಸೊಗಸಾಗಿದೆ ಎಂಬುದಕ್ಕಿಂತ ಮೊದಲು, ದತ್ತಾಂಶ ಎಲ್ಲಿಂದ ಬರುತ್ತದೆ, ಅದು ಬರದೇ ಹೋದರೆ ಏನು ಮಾಡಬೇಕು ಎಂದು ಕೇಳುವುದು ಜಾಣತನ.

ಗುಂಪಿನೊಳಗಿನ ಶ್ರೇಣಿ ಸರಳವಾದುದು: ಅನುದಾನ ತರುವ ಅಧ್ಯಾಪಕರು, ಪಿಎಚ್.ಡಿ. ಮುಗಿಸಿ ಕೆಲವು ವರ್ಷಗಳ ಗುತ್ತಿಗೆಯ ಮೇಲಿರುವ ಪೋಸ್ಟ್‌ಡಾಕ್‌ಗಳು, ಸಂಶೋಧನಾ ವಿದ್ಯಾರ್ಥಿಗಳು. ಉಪಕರಣದ ದಿನನಿತ್ಯದ ಚೇಷ್ಟೆಗಳನ್ನು ಬಲ್ಲವರು ಅಧ್ಯಾಪಕರಲ್ಲ, ಹಿರಿಯ ವಿದ್ಯಾರ್ಥಿಗಳು. ಅಂಥ ಪ್ರಶ್ನೆಗಳನ್ನು ಅವರಲ್ಲಿಯೇ ಕೇಳಬೇಕು.

ವಿಭಾಗದ ಮುಖ್ಯಸ್ಥರನ್ನು ಎಲ್ಲರ ಮೇಲಧಿಕಾರಿ ಎಂದು ಭಾವಿಸುವುದು ಸಾಮಾನ್ಯವಾದ ತಪ್ಪು. ಅನೇಕ ಕಡೆ ಆ ಹೊಣೆ ಕೆಲವು ವರ್ಷಗಳಿಗೊಮ್ಮೆ ಒಬ್ಬ ಪ್ರಾಧ್ಯಾಪಕರಿಂದ ಇನ್ನೊಬ್ಬರಿಗೆ ಸರದಿಯಂತೆ ಹೋಗುತ್ತದೆ, ಮತ್ತು ಅದನ್ನು ಸಂತೋಷದಿಂದ ಹೊರುವವರು ವಿರಳ. ಬೋಧನೆಯ ಹಂಚಿಕೆ, ಆಯವ್ಯಯ, ಕೋಣೆಗಳ ಜಗಳ ಅವರ ಪಾಲಿನವು. ಯಾರು ಯಾವ ಸಂಶೋಧನೆ ಮಾಡಬೇಕೆಂದು ಅವರು ಆಜ್ಞೆ ಮಾಡುವುದಿಲ್ಲ. ಪಠ್ಯಕ್ರಮ, ಪ್ರವೇಶ, ನೇಮಕಾತಿ, ಸುರಕ್ಷತೆ ಇವೆಲ್ಲ ಸಮಿತಿಗಳ ಕೈಯಲ್ಲಿರುತ್ತವೆ. ಮಾರ್ಗದರ್ಶಕರೊಡನೆ ಮನಸ್ತಾಪ ಬಂದರೆ ನೇರವಾಗಿ ಮುಖ್ಯಸ್ಥರ ಬಳಿಗೆ ಹೋಗುವ ಬದಲು, ಸ್ನಾತಕೋತ್ತರ ಅಧ್ಯಯನದ ಸಂಯೋಜಕರನ್ನು ಮೊದಲು ಕಾಣುವುದು ಸರಿಯಾದ ಕ್ರಮ. ನಿಯಮಗಳೂ ಹಿಂದಿನ ಇಂಥ ಪ್ರಕರಣಗಳೂ ಅವರಿಗೆ ಗೊತ್ತಿರುತ್ತವೆ.

ಫಲಕದಲ್ಲಿ ಭಾವಚಿತ್ರವಿಲ್ಲದವರ ವಿಷಯಕ್ಕೆ ಬರೋಣ. ಯಾಂತ್ರಿಕ ವರ್ಕ್‌ಶಾಪ್, ಎಲೆಕ್ಟ್ರಾನಿಕ್ಸ್ ವರ್ಕ್‌ಶಾಪ್, ಶೀತಕ ದ್ರವಗಳ ಘಟಕ, ಖರೀದಿ ನೋಡಿಕೊಳ್ಳುವ ಕಚೇರಿ — ಇವುಗಳಲ್ಲಿ ಒಂದು ವಾರ ಬಾಗಿಲು ಮುಚ್ಚಿದರೆ ಪ್ರಯೋಗಗಳು ನಿಲ್ಲುತ್ತವೆ. ಪ್ರಾಧ್ಯಾಪಕರೊಬ್ಬರು ಒಂದು ವಾರ ಪ್ರವಾಸ ಹೋದರೆ ನಿಲ್ಲುವುದಿಲ್ಲ. ವರ್ಕ್‌ಶಾಪಿಗೆ ನಕ್ಷೆ ಒಯ್ಯುವಾಗ ಹೊಸಬರು ಪ್ರತಿಯೊಂದು ತೂತಿಗೂ ಮಿಲಿಮೀಟರಿನ ನೂರನೇ ಒಂದು ಭಾಗದ ನಿಖರತೆಯನ್ನು ಬರೆದಿರುತ್ತಾರೆ. ಲೇತ್ ಮುಂದೆ ನಿಂತ ಅನುಭವಿ ಕುಶಲಕರ್ಮಿ ಕಾಗದವನ್ನು ಬೆಳಕಿಗೆ ಹಿಡಿದು, ‘ಇದರಲ್ಲಿ ಯಾವ ತೂತಿಗೆ ನಿಜವಾಗಿ ಅಷ್ಟು ಬೇಕು?’ ಎಂದು ಕೇಳುತ್ತಾರೆ. ಬೋಲ್ಟ್ ಹಾದುಹೋಗುವ ತೂತುಗಳಿಗೆ ಅದು ಬೇಡ, ಕನ್ನಡಿಯ ಹಿಡಿಕೆ ಕೂರುವ ಒಂದೇ ತೂತಿಗೆ ಬೇಕು ಎಂದು ಹೇಳಬಲ್ಲವರ ಕೆಲಸ ಬೇಗ ಮುಗಿಯುತ್ತದೆ. ನಕ್ಷೆಯನ್ನು ಅಂತಿಮಗೊಳಿಸುವ ಮೊದಲೇ, ಪೆನ್ಸಿಲ್ ಚಿತ್ರ ಹಿಡಿದು ಅವರ ಬಳಿ ಹೋಗುವುದು ಇನ್ನೂ ಮೇಲು. ಲೇಸರ್ ಅಥವಾ ವಿಕಿರಣದ ಕೋಣೆಯ ಕೀಲಿಕೈ ಸುರಕ್ಷತಾ ತರಬೇತಿ ಮುಗಿಸದೆ ಸಿಗಬಾರದು. ಸಿಕ್ಕರೆ ಆ ಪ್ರಯೋಗಾಲಯದ ಬಗ್ಗೆಯೇ ಅನುಮಾನಪಡಬೇಕು.

ಕೊನೆಯದಾಗಿ ವಾರದ ವೇಳಾಪಟ್ಟಿ. ಗುಂಪಿನ ಸಭೆ ಮತ್ತು ಜರ್ನಲ್ ಕ್ಲಬ್ (ಹೊಸ ಪ್ರಬಂಧಗಳನ್ನು ಓದಿ ಚರ್ಚಿಸುವ ಕೂಟ) ಒಳಗಿನವರಿಗೆ, ಸೆಮಿನಾರ್ ಆ ಕ್ಷೇತ್ರದವರಿಗೆ, ಕೊಲೋಕ್ವಿಯಂ ಎಂಬ ಉಪನ್ಯಾಸ ಇಡೀ ವಿಭಾಗಕ್ಕೆ. ಕೊಲೋಕ್ವಿಯಂಗೆ ಹತ್ತು ನಿಮಿಷ ಮುಂಚೆ ಹೋದರೆ, ಇಮೇಲ್‌ಗೆ ಉತ್ತರಿಸದ ಅಧ್ಯಾಪಕರೂ ಬಾಗಿಲ ಬಳಿ ಮಾತಿಗೆ ಸಿಗುತ್ತಾರೆ. ಕೇಳಬೇಕಾದ ಒಂದು ಪ್ರಶ್ನೆಯನ್ನು ಮೊದಲೇ ಬರೆದುಕೊಂಡಿರಬೇಕು.