ಹಿಂದುಳಿದವರ ಪಟ್ಟಿ ಬೇಡ, ಕಷ್ಟದ ವಿಷಯವನ್ನು ಗುರುತಿಸಿ: ಪದವಿ ಕಾಲೇಜಿನಲ್ಲಿ ಅಭ್ಯಾಸ ಕೂಟ ನಡೆಸುವ ಬಗೆ

ಮೊದಲ ಆಂತರಿಕ ಪರೀಕ್ಷೆ ಮುಗಿಯುತ್ತಿದ್ದಂತೆ ಕಡಿಮೆ ಅಂಕ ಪಡೆದವರ ಪಟ್ಟಿ ತಯಾರಾಗುತ್ತದೆ. ಸೂಚನಾ ಫಲಕದಲ್ಲಿ ಹೆಸರುಗಳು, ಅವುಗಳ ಕೆಳಗೆ ‘ಸಂಜೆ ನಾಲ್ಕಕ್ಕೆ ಪರಿಹಾರ ಬೋಧನೆ’ ಎಂಬ ಸಾಲು. ಪಟ್ಟಿಯಲ್ಲಿರುವ ಹುಡುಗಿ ಆ ಕೊಠಡಿಯ ಬಾಗಿಲು ದಾಟುವಾಗ ಕಾರಿಡಾರಿನಲ್ಲಿ ಯಾರಿದ್ದಾರೆಂದು ಮೊದಲು ನೋಡುತ್ತಾಳೆ. ಎರಡನೆಯ ವಾರಕ್ಕೆ ಬರುವುದನ್ನೇ ಬಿಡುತ್ತಾಳೆ. ಅದನ್ನು ನಾವು ಆಸಕ್ತಿಯಿಲ್ಲ ಎಂದು ಬರೆದುಕೊಳ್ಳುತ್ತೇವೆ. ಈ ಪದ್ಧತಿ ನಿಲ್ಲಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಅದರ ಬದಲು, ಕಷ್ಟದ ವಿಷಯವೊಂದನ್ನು ಆರಿಸಿ ಹಿರಿಯ ವಿದ್ಯಾರ್ಥಿಗಳಿಂದ ಅಭ್ಯಾಸ ಕೂಟ ನಡೆಸುವುದು ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ. ನಾನು ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ. ಹಾಗಾಗಿ ಉದಾಹರಣೆಗಳೆಲ್ಲ ಬಿ.ಕಾಂ. ತರಗತಿಯವು. ಗಣಿತ, ರಸಾಯನಶಾಸ್ತ್ರ, ಅರ್ಥಶಾಸ್ತ್ರದವರು ತಮ್ಮ ವಿಷಯಕ್ಕೆ ಹೊಂದಿಸಿಕೊಳ್ಳಬಹುದು.

ಈ ವಿಧಾನದ ಮೂಲ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿರುವ ಮಿಸೌರಿ ವಿಶ್ವವಿದ್ಯಾಲಯ. 1973ರಲ್ಲಿ ಅಲ್ಲಿ ಡಿಯಾನಾ ಮಾರ್ಟಿನ್ ಎಂಬುವರು ಇದನ್ನು ರೂಪಿಸಿ ‘ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್’ ಎಂದು ಕರೆದರು. ಮೊದಲು ಬಳಕೆಗೆ ಬಂದದ್ದು ಆರೋಗ್ಯ ವಿಜ್ಞಾನದ ವಿದ್ಯಾರ್ಥಿಗಳ ನಡುವೆ. ಅಪಾಯದಲ್ಲಿರುವ ವಿದ್ಯಾರ್ಥಿಯನ್ನು ಹುಡುಕುವ ಬದಲು ಅಪಾಯಕಾರಿ ವಿಷಯವನ್ನು ಹುಡುಕುವುದು ಇದರ ತಿರುಳು. ಸುಮಾರು ಶೇ. 30ಕ್ಕಿಂತ ಹೆಚ್ಚು ಮಂದಿ ಕೆಳದರ್ಜೆ ಪಡೆಯುವ, ಅನುತ್ತೀರ್ಣರಾಗುವ ಅಥವಾ ನಡುವೆಯೇ ಬಿಟ್ಟುಹೋಗುವ ವಿಷಯವನ್ನು ಅಲ್ಲಿ ಕಷ್ಟದ ವಿಷಯ ಎಂದು ಲೆಕ್ಕಿಸುತ್ತಾರೆ. ಆ ವಿಷಯವನ್ನು ಈಗಾಗಲೇ ಚೆನ್ನಾಗಿ ಮುಗಿಸಿರುವ ಹಿರಿಯ ವಿದ್ಯಾರ್ಥಿಯೊಬ್ಬರು ಮತ್ತೆ ಅದೇ ತರಗತಿಗೆ ಬಂದು ಕುಳಿತು ಪಾಠ ಕೇಳುತ್ತಾರೆ. ಬಳಿಕ ವಾರಕ್ಕೆ ಕೆಲವು ಬಾರಿ, ಯಾರು ಬೇಕಾದರೂ ಬರಬಹುದಾದ ಕೂಟ ನಡೆಸುತ್ತಾರೆ.

ನೀವು ಮೊದಲು ಮಾಡಬೇಕಾದ ಕೆಲಸ ಕಚೇರಿಯಿಂದ ಕಳೆದ ಮೂರು ವರ್ಷಗಳ ವಿಷಯವಾರು ಫಲಿತಾಂಶ ತರಿಸಿಕೊಳ್ಳುವುದು. ಅನುತ್ತೀರ್ಣರ ಜೊತೆಗೆ ಪರೀಕ್ಷೆಗೆ ಗೈರಾದವರನ್ನೂ ಎಣಿಸಿ. ಶುಲ್ಕ ಕಟ್ಟಿಯೂ ಪರೀಕ್ಷೆಗೆ ಬಾರದವರು ಆ ವಿಷಯದ ಬಗ್ಗೆ ಬಹಳಷ್ಟು ಹೇಳುತ್ತಾರೆ. ನಮ್ಮಲ್ಲಿ ಮೊದಲ ಸೆಮಿಸ್ಟರ್‌ನ ಹಣಕಾಸು ಲೆಕ್ಕಶಾಸ್ತ್ರವೇ ಎದ್ದು ಕಂಡಿತು. ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಬಂದವರಿಗೆ ವ್ಯವಹಾರವನ್ನು ಲೆಕ್ಕಪುಸ್ತಕದಲ್ಲಿ ಮೊದಲು ದಾಖಲಿಸುವ ಜರ್ನಲ್ ನಮೂದೇ ಹೊಸದು. ಕನ್ನಡ ಮಾಧ್ಯಮದಲ್ಲಿ ಲೆಕ್ಕಶಾಸ್ತ್ರ ಓದಿದವರಿಗೆ ಲೆಕ್ಕ ಗೊತ್ತು, ಪ್ರಶ್ನೆಯ ಇಂಗ್ಲಿಷ್ ಗೊತ್ತಿಲ್ಲ. ಇಬ್ಬರೂ ಅನುತ್ತೀರ್ಣರಾದರೂ ಕಾರಣ ಬೇರೆ ಬೇರೆ. ಒಂದೇ ಪಟ್ಟಿಗೆ ಹಾಕಿದರೆ ಈ ವ್ಯತ್ಯಾಸ ಕಾಣುವುದಿಲ್ಲ.

ಮೊದಲ ವರ್ಷ ಒಂದೇ ವಿಷಯ ಸಾಕು. ಆ ವಿಷಯ ಕಲಿಸುವವರು ಮನಸ್ಸಿನಿಂದ ಒಪ್ಪಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಿ. ಅನೇಕ ಕಾಲೇಜುಗಳಲ್ಲಿ ಅವರು ಅತಿಥಿ ಉಪನ್ಯಾಸಕರಾಗಿರುತ್ತಾರೆ. ತಮ್ಮ ಪಾಠದ ಮೇಲೆ ಕಣ್ಣಿಡಲು ಯಾರನ್ನೋ ಕೂರಿಸುತ್ತಿದ್ದಾರೆ ಎಂಬ ಆತಂಕ ಸಹಜ. ಹಿರಿಯ ವಿದ್ಯಾರ್ಥಿ ಪಾಠದ ಬಗ್ಗೆ ಯಾರಿಗೂ ವರದಿ ಒಪ್ಪಿಸುವುದಿಲ್ಲ ಎಂದು ಪ್ರಾಂಶುಪಾಲರ ಎದುರೇ ಮಾತಾಗಲಿ. ಅವರು ಒಪ್ಪದಿದ್ದರೆ ಬೇರೆ ವಿಷಯ ಆರಿಸಿಕೊಳ್ಳಿ.

ಇನ್ನು ಕೂಟ ನಡೆಸುವವರ ಆಯ್ಕೆ. ಅತಿ ಹೆಚ್ಚು ಅಂಕ ಪಡೆದವರೇ ಆಗಬೇಕಿಲ್ಲ. ವಿಷಯ ಗಟ್ಟಿಯಾಗಿ ಬರಬೇಕು, ಜೊತೆಗೆ ಇನ್ನೊಬ್ಬರು ತಡವರಿಸುವಾಗ ಸುಮ್ಮನಿರುವ ತಾಳ್ಮೆ ಬೇಕು. ಈ ಎರಡನೆಯ ಗುಣ ಅಪರೂಪ. ಅದನ್ನು ಪರೀಕ್ಷಿಸಲು ನಾನು ಅಭ್ಯರ್ಥಿಯ ಮುಂದೆ ತಪ್ಪಾಗಿ ಬಿಡಿಸಿದ ಲೆಕ್ಕವೊಂದನ್ನು ಇಟ್ಟು, ‘ಇದನ್ನು ಬಿಡಿಸಿದವಳ ಜೊತೆ ಮಾತನಾಡು’ ಎನ್ನುತ್ತೇನೆ. ಕೆಂಪು ಪೆನ್ನು ಹಿಡಿದು ತಿದ್ದಲು ಹೊರಡುವವರಿಗಿಂತ, ‘ಇಲ್ಲಿ ಯಾಕೆ ಹೀಗೆ ಬರೆದೆ?’ ಎಂದು ಕೇಳುವವರನ್ನು ಆರಿಸುತ್ತೇನೆ. ಕನ್ನಡ ಮಾಧ್ಯಮದಿಂದ ಬಂದು ಈ ವಿಷಯ ದಾಟಿದವರು ಸಿಕ್ಕರೆ ಬಿಡಬೇಡಿ. ಎಲ್ಲಿ ಕಾಲು ಜಾರುತ್ತದೆಂದು ಅವರಿಗೆ ನೆನಪಿರುತ್ತದೆ.

ಅವರಿಗೆ ಗೌರವಧನ ಕೊಡಬೇಕು. ಸೇವಾ ಮನೋಭಾವದ ಹೆಸರಿನಲ್ಲಿ ಬಿಟ್ಟಿ ದುಡಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಅಂತಿಮ ವರ್ಷದ ಮಕ್ಕಳಲ್ಲಿ ಎಷ್ಟೋ ಮಂದಿ ಸಂಜೆ ಬಟ್ಟೆ ಅಂಗಡಿಯಲ್ಲೋ ಜೆರಾಕ್ಸ್ ಅಂಗಡಿಯಲ್ಲೋ ಕೆಲಸ ಮಾಡುವವರು. ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ವಿಷಯ ಮಂಡಿಸಿ, ಹಳೆಯ ವಿದ್ಯಾರ್ಥಿಗಳನ್ನು ಕೇಳಿ. ಮೊತ್ತ ಚಿಕ್ಕದಾದರೂ ಪ್ರತಿ ತಿಂಗಳು ಕೈಗೆ ಸಿಗಲಿ.

ತರಗತಿಯಲ್ಲಿ ಮತ್ತೆ ಕೂರುವುದು ನಮ್ಮಲ್ಲಿ ತೊಡಕಿನ ಸಂಗತಿ, ಏಕೆಂದರೆ ಅದೇ ಹೊತ್ತಿಗೆ ಅವರಿಗೂ ತರಗತಿ ಇರುತ್ತದೆ. ವೇಳಾಪಟ್ಟಿ ಅಂತಿಮವಾಗುವ ಮೊದಲೇ ಅದನ್ನು ತಯಾರಿಸುವ ಸಮಿತಿಯವರ ಜೊತೆ ಕುಳಿತು ವಾರದಲ್ಲಿ ಎರಡಾದರೂ ಅವಧಿ ಬಿಡುವು ಮಾಡಿಸಿ. ಉಳಿದ ಪಾಠಗಳಿಗೆ ಕಿರಿಯರ ನೋಟ್ಸ್ ನೋಡಿಕೊಳ್ಳಲಿ. ಪೂರ್ತಿ ಬಿಟ್ಟರೆ ಮಾತ್ರ ಕೂಟ ಹಳಿ ತಪ್ಪುತ್ತದೆ: ತರಗತಿಯಲ್ಲಿ ಒಂದು ವಿಧಾನ, ಕೂಟದಲ್ಲಿ ಇನ್ನೊಂದು ಎಂದಾಗಿ ಮಕ್ಕಳು ಮೊದಲಿಗಿಂತ ಹೆಚ್ಚು ಗೊಂದಲಕ್ಕೆ ಬೀಳುತ್ತಾರೆ.

ಸಮಯದ ವಿಚಾರದಲ್ಲಿ ಎರಡು ಮಾತು. ಕೂಟ ಸೆಮಿಸ್ಟರ್‌ನ ಮೊದಲ ವಾರವೇ ಶುರುವಾಗಬೇಕು; ಅಂಕ ಬಂದ ಮೇಲೆ ಶುರು ಮಾಡಿದರೆ ಅದು ಶಿಕ್ಷೆಯಂತೆ ಕಾಣುತ್ತದೆ. ಹಾಗೆಯೇ ಸಂಜೆ ಇಡಬೇಡಿ. ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಬಸ್ಸಿನ ಟಿಕೆಟ್ ಖರ್ಚು ಉಳಿದಿದೆ, ಆದರೆ ಊರಿಗೆ ಹೋಗುವ ಬಸ್ಸು ನಾಲ್ಕೂವರೆಗೆ ಒಂದೇ ಇದ್ದರೆ ಅದು ಯಾರಿಗಾಗಿಯೂ ಕಾಯುವುದಿಲ್ಲ. ಮಧ್ಯಾಹ್ನ ಊಟದ ನಂತರದ ಅವಧಿ ಒಳ್ಳೆಯದು. ವಾರಕ್ಕೆ ಎರಡು ಕೂಟ, ಒಂದೊಂದು ಐವತ್ತು ನಿಮಿಷ, ಕರಿಹಲಗೆಯಿರುವ ಸಾಮಾನ್ಯ ಕೊಠಡಿ.

ಕೂಟದೊಳಗೆ ಏನು ನಡೆಯಬೇಕು? ಪಾಠವಂತೂ ಅಲ್ಲ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಕನ್ಸೈನ್‌ಮೆಂಟ್ (ಏಜೆಂಟನ ಮೂಲಕ ಮಾರಲು ಮಾಲು ಕಳಿಸುವ ವ್ಯವಹಾರ) ಅಧ್ಯಾಯದ ಲೆಕ್ಕ: ಬೆಂಗಳೂರಿನ ವ್ಯಾಪಾರಿ ಹುಬ್ಬಳ್ಳಿಯ ಏಜೆಂಟನಿಗೆ 100 ಪೆಟ್ಟಿಗೆ ಕಳಿಸುತ್ತಾನೆ, ಒಂದಕ್ಕೆ 500 ರೂಪಾಯಿ. ಲಾರಿ ಬಾಡಿಗೆ 2,000. ಹುಬ್ಬಳ್ಳಿಯಲ್ಲಿ ಮಾಲು ಇಳಿಸಿ ಗೋದಾಮಿಗೆ ಸಾಗಿಸಲು ಏಜೆಂಟನಿಗೆ ತಗಲಿದ ಖರ್ಚು 1,000, ಗೋದಾಮಿನ ಬಾಡಿಗೆ 1,500. 80 ಪೆಟ್ಟಿಗೆ ಮಾರಾಟವಾದವು. ಉಳಿದ 20 ಪೆಟ್ಟಿಗೆಗಳ ಬೆಲೆ ಎಷ್ಟು?

ಕೊಠಡಿಯ ಅರ್ಧದಷ್ಟು ಮಂದಿ 10,900 ಎನ್ನುತ್ತಾರೆ, ಉಳಿದವರು 10,600. ಈ ಹೊತ್ತಿಗೆ ಸರಿ ಉತ್ತರ ಹೇಳಿಬಿಡುವ ಆಸೆ ನಾಲಿಗೆಯ ತುದಿಗೆ ಬರುತ್ತದೆ. ಕೂಟ ನಡೆಸುವ ಹುಡುಗಿ ಅದನ್ನು ಹೇಳಬಾರದು. 10,900 ಎಂದವರಲ್ಲಿ ಒಬ್ಬರನ್ನು ಹಲಗೆಗೆ ಕರೆದು ಖರ್ಚುಗಳನ್ನು ಒಂದೊಂದಾಗಿ ಬರೆಸಬೇಕು. ಪ್ರತಿ ಖರ್ಚಿಗೂ ಒಂದೇ ಪ್ರಶ್ನೆ: ‘ಇದು ಮಾಲು ಗೋದಾಮು ಸೇರುವ ಮೊದಲು ಆದದ್ದೋ, ಸೇರಿದ ಮೇಲೆ ಆದದ್ದೋ?’ ಲಾರಿ ಬಾಡಿಗೆ ಮೊದಲು. ಇಳಿಸಿ ಸಾಗಿಸಿದ್ದು ಮೊದಲು. ಗೋದಾಮಿನ ಬಾಡಿಗೆ? ಸ್ವಲ್ಪ ಹೊತ್ತು ಮೌನ. ಹಿಂದಿನ ಬೆಂಚಿನಿಂದ ಯಾರೋ ‘ಮೇಲೆ, ಅಕ್ಕ’ ಎನ್ನುತ್ತಾರೆ. ಮಾಲು ಗೋದಾಮು ಸೇರಿದ ಮೇಲಿನ ಖರ್ಚು ಉಳಿದ ಮಾಲಿನ ಬೆಲೆಗೆ ಸೇರದು, ಅಲ್ಲಿಗೆ 1,500 ಹೊರಗೆ ಉಳಿಯುತ್ತದೆ. 3,000ದ ಐದನೇ ಒಂದು ಭಾಗ 600, ಮೂಲ ಬೆಲೆ 10,000ಕ್ಕೆ ಕೂಡಿದರೆ 10,600. ಹಲಗೆಯ ಮುಂದಿದ್ದವಳೇ ಅಳಿಸಿ ತಿದ್ದುತ್ತಾಳೆ. ಆ ಮೌನವನ್ನು ತುಂಬಲು ಅವಸರಪಡದಿರುವುದೇ ಈ ಕೆಲಸದ ಅತಿ ಕಷ್ಟದ ಭಾಗ. ಮುಂಚಿತವಾಗಿ ಎರಡು ದಿನ ತರಬೇತಿ ಕೊಡುವಾಗ ಹೆಚ್ಚಿನ ಹೊತ್ತನ್ನು ಇದಕ್ಕೇ ಮೀಸಲಿಡಿ. ಒಬ್ಬರು ಗೊಂದಲದಲ್ಲಿರುವ ವಿದ್ಯಾರ್ಥಿಯ ಪಾತ್ರ ವಹಿಸಲಿ, ಇನ್ನೊಬ್ಬರು ಪ್ರಶ್ನೆಗಳಿಂದಷ್ಟೇ ಮುಂದಕ್ಕೆ ಕರೆದೊಯ್ಯಲಿ.

ಕೂಟದ ಮಾತು ಕನ್ನಡದಲ್ಲಿ ನಡೆಯಲಿ, ಪ್ರಶ್ನೆಪತ್ರಿಕೆ ಇಂಗ್ಲಿಷಿನದೇ ಇರಲಿ. ಮೊದಲ ಐದು ನಿಮಿಷ ಪ್ರಶ್ನೆಯನ್ನು ಜೋರಾಗಿ ಓದಿಸಿ, ಏನು ಕೇಳಿದ್ದಾರೆಂದು ಕನ್ನಡದಲ್ಲಿ ಹೇಳಿಸಿ. ನೋಟ್ಸ್ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದೂ ಉಪಯುಕ್ತ. ಹಲಗೆಯಲ್ಲಿದ್ದುದನ್ನು ಒಬ್ಬಳು ಪೂರ್ತಿ ಬರೆದುಕೊಂಡು ಕಾರಣವನ್ನು ಬಿಟ್ಟಿರುತ್ತಾಳೆ, ಇನ್ನೊಬ್ಬ ಕಾರಣ ಬರೆದು ಅಂಕಿ ಬಿಟ್ಟಿರುತ್ತಾನೆ.

ಬರುವುದು ಕಡ್ಡಾಯವಲ್ಲ. ಹಾಜರಿಗೂ ಆಂತರಿಕ ಅಂಕಕ್ಕೂ ಸಂಬಂಧ ಕಲ್ಪಿಸಬೇಡಿ. ಚೆನ್ನಾಗಿ ಓದುವವರೂ ಬರಲಿ, ಅವರಿಗಾಗಿ ಸ್ವಲ್ಪ ಗಡಸು ಲೆಕ್ಕಗಳೂ ಇರಲಿ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು 1970ರ ದಶಕದಲ್ಲಿ ಕಂಡುಕೊಂಡದ್ದು ಇದನ್ನೇ. ಕಲನಶಾಸ್ತ್ರದಲ್ಲಿ ಹಿಂದೆ ಬೀಳುತ್ತಿದ್ದ ಕಪ್ಪು ವಿದ್ಯಾರ್ಥಿಗಳು ಶ್ರಮಪಡುತ್ತಿದ್ದರು, ಆದರೆ ಒಬ್ಬೊಬ್ಬರೇ ಕುಳಿತು ಓದುತ್ತಿದ್ದರು. ಚೀನೀ ಮೂಲದ ವಿದ್ಯಾರ್ಥಿಗಳು ಗುಂಪಿನಲ್ಲಿ ಕೂತು ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡುತ್ತಿದ್ದರು. ಟ್ರೈಸ್‌ಮನ್ ಪರಿಹಾರ ಬೋಧನೆ ಇಡಲಿಲ್ಲ. ಕಠಿಣ ಲೆಕ್ಕಗಳ ಗುಂಪು ಕಾರ್ಯಾಗಾರ ನಡೆಸಿದರು, ಫಲಿತಾಂಶ ಸ್ಪಷ್ಟವಾಗಿ ಮೇಲೇರಿತು. ನಮ್ಮ ಮಕ್ಕಳೂ ಬಸ್ಸಿನಲ್ಲಿ ಬಂದು ಬಸ್ಸಿನಲ್ಲಿ ಹೋಗುವವರು. ಜೊತೆಯಾಗಿ ಕುಳಿತು ಓದಲು ಅವರಿಗೆ ಜಾಗವೂ ಇಲ್ಲ, ಹೊತ್ತೂ ಇಲ್ಲ. ಅದನ್ನು ಕಾಲೇಜೇ ಒದಗಿಸಬೇಕು.

ಫಲಿತಾಂಶ ಅಳೆಯುವಾಗ ಎಚ್ಚರ. ಕೂಟಕ್ಕೆ ಬಂದವರು ಬಾರದವರಿಗಿಂತ ಹೆಚ್ಚು ಅಂಕ ಪಡೆದರೆ, ಮೊದಲಿನಿಂದಲೂ ಆಸಕ್ತಿಯಿದ್ದವರೇ ಬಂದಿರಬಹುದು. ಎರಡೂ ಗುಂಪಿನ ಪಿಯುಸಿ ಅಂಕಗಳನ್ನು ಪಕ್ಕದಲ್ಲಿಟ್ಟು ನೋಡಿ. ಇಡೀ ತರಗತಿಯ ಫಲಿತಾಂಶವನ್ನು ಹಿಂದಿನ ವರ್ಷಗಳದರೊಂದಿಗೂ ಹೋಲಿಸಿ. ಬೆಳಿಗ್ಗೆ ಕೂಲಿಗೆ ಹೋಗಿ ಹತ್ತೂವರೆಗೆ ಕಾಲೇಜು ಸೇರುವ ಹುಡುಗನ ಕಷ್ಟ ಕೂಟದಿಂದ ತೀರುವುದಿಲ್ಲ. ಅವನಿಗೆ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿ ಕೊಡುವವರು ಬೇಕು.

ಸೆಮಿಸ್ಟರ್ ಮುಗಿಯುವ ಮುನ್ನ ಕೂಟ ನಡೆಸಿದವರಿಂದ ಒಂದು ಪುಸ್ತಕ ಬರೆಸಿಟ್ಟುಕೊಳ್ಳಿ: ಯಾವ ವಾರ ಯಾವ ಲೆಕ್ಕ ಇಟ್ಟರು, ಯಾವ ಪ್ರಶ್ನೆಗೆ ಎಲ್ಲರೂ ನಿಂತುಬಿಟ್ಟರು, ಯಾವ ದಿನ ಯಾರೂ ಬರಲಿಲ್ಲ ಮತ್ತು ಏಕೆ. ಮುಂದಿನ ವರ್ಷ ಕೂಟ ನಡೆಸುವವರನ್ನು ಈ ಸಲ ಹಿಂದಿನ ಬೆಂಚಿನಲ್ಲಿ ಕೂತು ತಪ್ಪದೆ ಬಂದವರಲ್ಲಿ ಹುಡುಕಿ, ಈ ಪುಸ್ತಕವನ್ನು ಬೇಸಿಗೆ ರಜೆಗೆ ಮುಂಚೆ ಅವರ ಕೈಗೆ ಕೊಡಿ.